ಪರಭಾಷೆಯ ಹೊಸ್ತಿಲಲ್ಲಿ

ಜರ್ಮನಿಯ ಲೈಪ್ಸಿಗ್ ನಗರಕ್ಕೂ ಅಚ್ಚಿನ ಅಕ್ಷರಕ್ಕೂ ಹಳೆಯ ನಂಟು. ಜಗತ್ತಿನ ಮೊದಲ ದಿನಪತ್ರಿಕೆಯೆಂದು ಹೆಸರಾದ ಪತ್ರಿಕೆಯು 1650ರಲ್ಲಿ ಅಲ್ಲಿಂದ ಹೊರಟಿತು. ಆ ದೇಶದ ಮೊದಲ ಪತ್ರಿಕಾಶಾಸ್ತ್ರ ಸಂಸ್ಥೆಯನ್ನು ಕಾರ್ಲ್ ಬ್ಯೂಷರ್ 1916ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಸ್ಥಾಪಿಸಿದರು. ಸಂವಹನಶಾಸ್ತ್ರವನ್ನು ಅಭ್ಯಸಿಸುವ ಹಂಬಲದಿಂದ ಕನ್ನಡನಾಡಿನ ತರುಣನೊಬ್ಬನು ಆ ಊರನ್ನು ಅರಸಿ ಹೋದುದು ಸಹಜವೇ. ಶಾಲೆಯ ಚರ್ಚಾಕೂಟಗಳಲ್ಲಿ ಪಾರಿತೋಷಕಗಳನ್ನು ಗೆದ್ದಿದ್ದ ಅವನು ಮಾತೇ ತನ್ನ ಬಂಡವಾಳವೆಂದು ನಂಬಿದ್ದನು.

ಆದರೆ ವಿಶ್ವವಿದ್ಯಾನಿಲಯದ ಬಾಗಿಲು ನೇರವಾಗಿ ತೆರೆಯಲಿಲ್ಲ. ಪರದೇಶದ ಶಾಲಾಂತ್ಯ ಪರೀಕ್ಷೆಯು ತಮ್ಮ ಆಬಿಟೂರ್ ಪರೀಕ್ಷೆಗೆ ಸಮನಲ್ಲವೆಂದು ಕಂಡಾಗ, ಜರ್ಮನರು ವಿದ್ಯಾರ್ಥಿಯನ್ನು ಮೊದಲು ಸ್ಟೂಡಿಯನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ಶಾಲೆಗೆ ಕಳುಹುವರು. ಸಾಮಾನ್ಯವಾಗಿ ಒಂದು ವರ್ಷ, ವಾರಕ್ಕೆ ಸುಮಾರು 30 ಗಂಟೆಗಳ ಪಾಠ. ಕೊನೆಯಲ್ಲಿ ಅರ್ಹತಾ ಪರೀಕ್ಷೆ. ತಪ್ಪಿದರೆ ಇನ್ನೊಮ್ಮೆ ಮಾತ್ರ ಅವಕಾಶ. ಸರಕಾರಿ ಶಾಲೆಗಳಲ್ಲಿ ಬೋಧನಾಶುಲ್ಕವಿಲ್ಲವಾದರೂ ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಬ್ಯಾಂಕಿನಲ್ಲಿ ಇರಿಸಿ ತೋರಿಸಬೇಕು. ಆ ಹಣಕ್ಕಾಗಿ ಅವನ ತಂದೆ ಎರಡು ಎಕರೆ ಎರೆಹೊಲವನ್ನು ಅಡವಿಟ್ಟಿದ್ದರು.

ಮೊದಲ ತಿಂಗಳುಗಳಲ್ಲಿ ಆ ವಾಚಾಳಿಯು ಮೂಕನಾದನು. ಅಂಗಡಿಯಲ್ಲಿ ಉಪ್ಪು ಕೇಳಲೂ ವಾಕ್ಯವನ್ನು ಮನದಲ್ಲಿ ಹೊಸೆಯಬೇಕು. ಹೊಸೆಯುವಷ್ಟರಲ್ಲಿ ಹಿಂದಿನವರು ಮುಂದಾಗುವರು. ಅವನ ಕೈಹಿಡಿದುದು ಬಾಲ್ಯದಲ್ಲಿ ಬೇಸರದಿಂದ ಕಲಿತ ವ್ಯಾಕರಣವೇ. ಜರ್ಮನ್ನಿನ ಅಧೀನ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಬರುತ್ತದೆ. ಇತರ ದೇಶಗಳ ಸಹಪಾಠಿಗಳು ಇದಕ್ಕಾಗಿ ತಿಣುಕುತ್ತಿದ್ದರೆ, ಕನ್ನಡದವನಿಗೆ ಅದು ತವರಿನ ದಾರಿಯಂತೆ ತೋರಿತು. ನೀನು, ನೀವು ಎಂಬ ಭೇದವೂ ಅಲ್ಲುಂಟು. ಹುಡುಗಿ ಎಂಬರ್ಥದ ಶಬ್ದವು ಅಲ್ಲಿ ನಪುಂಸಕಲಿಂಗವೆಂದು ತಿಳಿದು ಎಲ್ಲರೂ ನಕ್ಕಾಗ ಅವನೊಬ್ಬನು ನಗಲಿಲ್ಲ, ಅವನ ಅಜ್ಜಿಯೂ ಮೊಮ್ಮಗಳನ್ನು ಕುರಿತು "ಅದು ಉಂಡೈತೇನು?" ಎಂದೇ ಕೇಳುತ್ತಿದ್ದಳು. (ನಮ್ಮ ಶಾಲೆಗಳಲ್ಲಿ ವ್ಯಾಕರಣದ ಅವಧಿಯನ್ನು ಮೊಟಕುಗೊಳಿಸುವವರು ಇದನ್ನು ಗಮನಿಸಬೇಕು.)

ಕಠಿಣವಾದುದು ಶ್ರವಣಪರೀಕ್ಷೆ. ಉಪನ್ಯಾಸವೊಂದನ್ನು ಎರಡು ಸಲ ಓದುವರು. ಕೇಳಿ, ಗುರುತು ಹಾಕಿಕೊಂಡು, ಪ್ರಶ್ನೆಗಳಿಗೆ ಉತ್ತರಿಸಬೇಕು. ಅಭ್ಯಾಸಕಾಲದಲ್ಲಿ ಅವನು ಪ್ರತಿ ಶಬ್ದವನ್ನೂ ಹಿಡಿಯಹೋಗಿ ಮೂರನೆಯ ವಾಕ್ಯಕ್ಕೇ ಎಳೆ ಕಳೆದುಕೊಂಡನು. ಎರಡು ಬಾರಿ ಅನುತ್ತೀರ್ಣನಾದನು. ಚರ್ಚಾಕೂಟಗಳಲ್ಲಿಯೂ ತಾನು ಎದುರಾಳಿಯ ಮಾತನ್ನು ಕೇಳಿದವನಲ್ಲ, ತನ್ನ ಸರದಿಗಾಗಿ ಕಾದವನು ಎಂಬುದು ಆಗ ಅವನಿಗೆ ಹೊಳೆಯಿತು. ಮುಂದಿನ ಬಾರಿ ಮೊದಲ ಓದಿನಲ್ಲಿ ಲೇಖನಿಯನ್ನು ಮುಟ್ಟದೆ ಸುಮ್ಮನೆ ಆಲಿಸಿದನು.

ಇಂಥ ಶ್ರಮಕ್ಕೆ ಇನ್ನೊಂದು ದಿಕ್ಕಿನ ನಿದರ್ಶನವೂ ಉಂಟು. ಜರ್ಮನಿಯ ಫರ್ಡಿನೆಂಡ್ ಕಿಟೆಲ್ಲರು ಭಾರತಕ್ಕೆ ಬಂದುದು 1853ರಲ್ಲಿ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾದುದು 1894ರಲ್ಲಿ. ನಡುವೆ ನಾಲ್ವತ್ತೊಂದು ವರ್ಷ!

ಅರ್ಹತಾ ಪರೀಕ್ಷೆಯ ಹಿಂದಿನ ರಾತ್ರಿ ತಾಯಿಯು ದೂರವಾಣಿಯಲ್ಲಿ "ಊಟ ಆತೇನಪ್ಪಾ?" ಎಂದಳು. ಕೊಠಡಿಯ ಗೆಳೆಯನು, ಆಕೆ ಏನು ಕೇಳಿದಳೆಂದು ವಿಚಾರಿಸಿದನು. ಶಬ್ದಗಳನ್ನು ಜರ್ಮನ್ನಿಗೆ ತಿರುಗಿಸುವುದು ಈಗ ಅವನಿಗೆ ಕ್ಷಣದ ಕೆಲಸ. ಆದರೆ ಆ ತಾಯಿ ಕೇಳಿದುದು ಊಟವನ್ನಲ್ಲವೆಂದು ತಿಳಿಸುವುದಕ್ಕೆ ಅವನಿಗೆ ಅರ್ಧ ಗಂಟೆ ಹಿಡಿಯಿತು. ಗೆಳೆಯನು ಎದ್ದು ಹೋಗದೆ ಕೊನೆಯವರೆಗೂ ಕೇಳಿದನು.