ಮಶಿನ್ ಮ್ಯಾಲ ಕಾಲಿಗೆ ಜೋಮು ಹಿಡದ್ರ

ಎಲಿಪ್ಟಿಕಲ್ ಅಂತ ಒಂದು ವ್ಯಾಯಾಮದ ಮಶಿನ್ ಅದ, ನೋಡದವ್ರಿಗೆ ಹೇಳ್ತೀನಿ. ಎರಡು ಉದ್ದನ್ನ ಪೆಡಲ್, ಎರಡು ಹಿಡಿಕಿ. ಪೆಡಲ್ ಮ್ಯಾಲ ನಿಂತು ಕಾಲು ಹಿಂದ ಮುಂದ ಆಡಿಸ್ಕೋತ ಇದ್ರ ನಡದಂಗೂ ಆಗ್ತದ, ಮೆಟ್ಟಲಾ ಹತ್ತಿದಂಗೂ ಆಗ್ತದ, ಹೋಗೂದು ಮಾತ್ರ ಎಲ್ಲಿಗೂ ಇಲ್ಲ. ನಮ್ಮ ಮಗಳು ಎರಡು ವರ್ಷದ ಹಿಂದ ತಂದಿಟ್ಟಾಳ. ಮೊಣಕಾಲಿಗೆ ಪೆಟ್ಟು ಬೀಳೂದಿಲ್ಲ ಅಂತ ನನಗೂ ಮನಸಿಗೆ ಬಂತು. ಅದರ ಮ್ಯಾಲ ಟಾವೆಲ್ ಒಣಹಾಕೂದು ನಮ್ಮನ್ಯಾಗ ಇನ್ನೂ ಸುರು ಆಗಿಲ್ಲ, ಅದೇ ದೊಡ್ಡದು ಅನ್ರಿ.

ಆದ್ರ 12-15 ನಿಮಿಷ ಆತಂದ್ರ ಬಲಗಾಲಿನ ನಡುವಿನ ಎರಡು ಬೆರಳು ಜುಮ್ ಅಂತಿದ್ವು. ಆಮ್ಯಾಲ ಅಂಗಾಲಿನ ಮುಂದಿನ ಭಾಗ ಪೂರಾ ಮರಗಟ್ಟಿ, ಕಾಲು ಅದನೋ ಇಲ್ಲೋ ಗೊತ್ತಾಗ್ತಿರಲಿಲ್ಲ. ಬ್ಯಾರೆಯವ್ರಿಗೆ ಇದು ಸಣ್ಣ ವಿಷಯ. ನಮ್ಮನ್ಯಾಗ ಹಂಗಲ್ಲ. ಅವ್ವಗ ಸಕ್ರಿ ಬ್ಯಾನಿ ಇತ್ತು, ಕಡೀಕಡೀಗೆ ಆಕೀ ಕಾಲಿಗೆ ಏನೂ ತಿಳೀತಿರಲಿಲ್ಲ. ಒಮ್ಮೆ ಚಪ್ಪಲ್ಯಾಗ ಸಣ್ಣ ಕಲ್ಲು ಸೇರಿ ದಿನಪೂರ್ತಿ ತಿಕ್ಕಿ ಹುಣ್ಣಾಗಿತ್ತು. ಆಕಿಗೆ ಗೊತ್ತಾಗಿದ್ದು ರಾತ್ರಿ ಹಾಸಗಿ ಮ್ಯಾಲ ರಕ್ತದ ಕಲೆ ನೋಡಿದ ಮ್ಯಾಲ. ಆ ಬೆರಳು ಉಳೀಲಿಲ್ಲ. ಹಿಂಗಾಗಿ ಮಶಿನ್ ಮ್ಯಾಲ ಬೆರಳು ಜುಮ್ ಅಂದಾಗೆಲ್ಲ ನನಗ ಅವ್ವನ ಕಾಲೇ ಕಣ್ಣಮುಂದ ಬರ್ತಿತ್ತು.

ಡಾಕ್ಟರಬಾಯಿ ಹತ್ರ ಹೋದೆ. ಅವರು ಮೊದಲ ಕೇಳಿದ್ದು, "ಇಳಿದ ಮ್ಯಾಲ ಎಷ್ಟೊತ್ತಿಗೆ ಹೋಗ್ತದ?" ಐದು ನಿಮಿಷದಾಗ ಹೋಗ್ತದ, ರಾತ್ರಿ ಇರೂದಿಲ್ಲ, ಅಡಗಿ ಮಾಡೂವಾಗ ಇರೂದಿಲ್ಲ ಅಂದೆ. ಆಮ್ಯಾಲ ನನ್ನ ಕಣ್ಣು ಮುಚ್ಚಿಸಿ, ಮೀನು ಹಿಡಿಯೂ ಗಾಳದ ದಾರದಂಥಾ ನೈಲಾನ್ ಎಳಿ ಒಂದನ್ನ ಅಂಗಾಲಿಗೆ ಅಲ್ಲಲ್ಲಿ ಮುಟ್ಟಿಸಿದ್ರು. 10 ಗ್ರಾಂ ಒತ್ತಡಕ್ಕ ಬಾಗೂ ಅಂಥಾ ಎಳಿ ಅದು. ಮುಟ್ಟಿದ್ದು ತಿಳಿದ್ರ "ಹೂಂ" ಅನಬೇಕು. ಎರಡು ಕವಲಿನ ಕಬ್ಬಿಣದ ಕಡ್ಡಿ ಬಡದು ಹೆಬ್ಬೆರಳಿನ ಎಲುಬಿಗೆ ಇಟ್ಟು, ನಡುಗೂದು ತಿಳೀತದೇನು ಅಂತನೂ ಕೇಳಿದ್ರು. ಎಲ್ಲಾ ತಿಳೀತು. ರಕ್ತದಾಗ ಸಕ್ರಿನೂ ಸರಿ ಇತ್ತು. ಹೊರಗ ಬಂದು ಖುರ್ಚಿ ಮ್ಯಾಲ ಸ್ವಲ್ಪೊತ್ತು ಸುಮ್ನ ಕೂತೆ.

ಅವರು ತಿಳಿಸಿ ಹೇಳಿದ್ದು ಹಿಂಗ. ನೆಲದ ಮ್ಯಾಲ ನಡಿಯೂವಾಗ ಮೊದಲ ಹಿಮ್ಮಡ ಊರ್ತದ, ಆಮ್ಯಾಲ ಬೆರಳು, ಆಮ್ಯಾಲ ಕಾಲೇ ಎತ್ತಿ ಬಿಡ್ತೀವಿ. ಭಾರ ಸರಕೋತ ಹೋಗ್ತದ. ಈ ಮಶಿನ್ಯಾಗ ಕಾಲು ಪೆಡಲ್ ಬಿಟ್ಟು ಏಳೂದೇ ಇಲ್ಲ, ಅಂಗಾಲಿನ ಮುಂಭಾಗ ಒಂದೇ ಸವನ ಒತ್ಕೊಂಡಿರ್ತದ. ಬೆರಳಿಗೆ ಹೋಗೂ ನರ ಅಲ್ಲೇ ಎಲುಬಿನ ನಡುವ ಹಾದು ಹೋಗ್ತಾವ, ಅವು ಅದುಮಿ ಹೋಗ್ತಾವ. ಅದರ ಮ್ಯಾಲ ವ್ಯಾಯಾಮ ಮಾಡಿದಂಗ ಪಾದ ತುಸು ಉಬ್ಬತದ, ಬೂಟು ಉಬ್ಬೂದಿಲ್ಲ. ನೆಲದ ಮ್ಯಾಲ ಕೂತು 20 ರೊಟ್ಟಿ ಬಡದು ಏಳೂವಾಗ ಕಾಲು ಜೋಮು ಹಿಡೀತದಲ್ಲ, ಅದರ ತಂಗಿ ಇದು.

ಈಗ ಬೂಟಿನ ಲೇಸು ಬೆರಳಿನ ಕಡೆ ಸಡಲ, ಕಣಕಾಲಿನ ಕಡೆ ಅಷ್ಟ ಬಿಗಿ ಕಟ್ತೀನಿ. ಹೊಸಾ ಬೂಟು ಸಂಜಿಮುಂದ ಹೋಗಿ ತಂದೆ, ಪಾದ ಉಬ್ಬಿರೂ ಹೊತ್ತಿನಾಗ. ಬೆರಳಿನ ಮುಂದ ಒಂದು ಹೆಬ್ಬೆರಳಿನಷ್ಟು ಜಾಗಾ ಇರೂ ಹಂಗ. ಪೆಡಲ್ ಮ್ಯಾಲ ಭಾರ ಹಿಮ್ಮಡಕ್ಕ ಬಿಡ್ತೀನಿ, ನಡುನಡುವ ಬೂಟಿನ್ಯಾಗೇ ಬೆರಳು ಆಡಿಸ್ತೀನಿ, 10 ನಿಮಿಷಕ್ಕೊಮ್ಮೆ ಇಳಿದು ನಾಕು ಹೆಜ್ಜಿ ನಡೀತೀನಿ. ಹಿಂದಕ್ಕ ತುಳಿ ಅಂತ ಮಗಳು ಹೇಳಿದ್ಲು. ಮೊಣಕಾಲು ನೋವು ಹಚ್ತು, ಬಿಟ್ಟೆ. ನನಗ ಎಲ್ಲಾದಕ್ಕಿಂತ ಹೆಚ್ಚು ಗುಣ ಬಂದದ್ದು ಆ ಲೇಸಿನಿಂದ, ಒಂದು ಪೈಸಾ ಖರ್ಚಿಲ್ಲ.

ನಮ್ಮ ಎದುರು ಮನಿ ಕಾಕುಂದು ಮಾತ್ರ ಬ್ಯಾರೆ ಕಥಿ. ನನ್ನ ನೋಡಿ ಅವರೂ ಮಶಿನ್ ಹತ್ತಿ, "ನಿನ್ನಂಗೇ ನನಗೂ ಆಗ್ತದವಾ, ಲೇಸು ಸಡಲ ಮಾಡ್ತೀನಿ" ಅಂದ್ರು. ಕೇಳ್ತಾ ಹೋದ್ರ, ಮಶಿನ್ ಹತ್ತದ ದಿನಾನೂ ಎರಡೂ ಪಾದ ಜುಮು ಜುಮು, ರಾತ್ರಿ ಉರಿ, ಹತ್ತಿ ಮ್ಯಾಲ ನಡದಂಗ. ಅದಕ್ಕ ಲೇಸು ಏನು ಮಾಡೀತು? ಎಳಕೊಂಡೇ ಹೋದೆ. ಸಕ್ರಿಗೆ ಅಂತ ಮೆಟ್‌ಫಾರ್ಮಿನ್ ಗುಳಿಗಿ ವರ್ಷಾನುಗಟ್ಟಲೆ ತೊಗೊಂಡಾರ. ಅದು ಭಾಳ ದಿನ ತೊಗೊಂಡ್ರ ಮೈಯಾಗ ಬಿ12 ಕಡಿಮಿ ಆಗಬಹುದಂತ. ಕಾಯಿಪಲ್ಲೆ ಬ್ಯಾಳ್ಯಾಗ ಬಿ12 ಇರೂದಿಲ್ಲ, ನಮ್ಮಂಥಾ ಶಾಕಾಹಾರಿಗಳಿಗೆ ಸಿಗೂದು ಹಾಲು ಮೊಸರಿನಿಂದ. ಕಾಕು ಹಾಲು ಕುಡಿಯೂದು ಚಾದಾಗ ಹಾಕಿದಷ್ಟೇ. ತಪಾಸಣಿ ಮಾಡಿಸಿದ್ರ ಬಿ12 ಅಗ್ದಿ ಕಡಿಮಿ ಬಂತು, ಇಂಜೆಕ್ಷನ್ ಸುರು ಮಾಡಿದ್ರು. ಸಕ್ರಿಯಿಂದ ಕೆಟ್ಟ ನರ ಎಷ್ಟು, ಬಿ12 ಇಲ್ಲದ್ದಕ್ಕ ಎಷ್ಟು ಅಂತ ನಿಧಾನಕ್ಕ ತಿಳೀತದ ಅಂದಾರ. ಉರಿ ಈಗ ತುಸು ಕಡಿಮಿ ಆಗ್ಯದ. ಮತ್ತ ಜೋಮು ಒಮ್ಮೆಲೇ ಮೈಯ ಒಂದೇ ಮಗ್ಗಲಿಗೆ ಬಂದ್ರ, ಕೈ ಸೋತ್ರ, ಮಾತು ತೊದಲಿದ್ರ, ಒಂದು ಕ್ಷಣನೂ ಕಾಯಬ್ಯಾಡ್ರಿ, ದವಾಖಾನಿಗೆ ಹೋಗ್ರಿ ಅಂತ ಇಬ್ಬರಿಗೂ ತಾಕೀತು ಮಾಡಿದ್ರು.

ಕಾಕು ಈಗ ಸ್ನಾನದ ನೀರು ಎಷ್ಟು ಕಾದದ ಅಂತ ಮೊಣಕೈ ಅದ್ದಿ ನೋಡ್ತಾರ, ಕಾಲು ಅದ್ದೂದಿಲ್ಲ. ರಾತ್ರಿ ಮಲಗೂ ಮುಂದ ನೆಲದ ಮ್ಯಾಲ ಕನ್ನಡಿ ಇಟ್ಟು ಅಂಗಾಲು ನೋಡ್ಕೋತಾರ. ಬಗ್ಗಾಕ ಆಗದ ದಿನ ಮೊಮ್ಮಗಳು ನೋಡ್ತಾಳ, ಒಂದು ಕಾಲಿಗೆ ಐದು ರೂಪಾಯಿ ತೊಗೋತಾಳಂತ.