ಗುಂಡು ಮತ್ತು ಅಡ್ಡಗಾಳಿ

ದೂರದ ಗುರಿಗೆ ರೈಫಲ್ ಹಾರಿಸುವವರಿಗೆ ಗುಂಡಿನ ಇಳಿತ ಕೋಷ್ಟಕದಲ್ಲಿ ಸಿಗುತ್ತದೆ, ಗಾಳಿ ಸಿಗುವುದಿಲ್ಲ. 7.62 ಮಿ.ಮೀ. ಗುಂಡು 1000 ಗಜ, ಅಂದರೆ 914 ಮೀಟರ್ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮುಟ್ಟುತ್ತದೆ. ಅಷ್ಟರಲ್ಲಿ ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ ಅದನ್ನು ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ಒಯ್ದಿರುತ್ತದೆ. ಇಂಗ್ಲೆಂಡಿನ ಬಿಸ್ಲಿಯಲ್ಲಿ 1890ರಿಂದ ನಡೆಯುತ್ತಿರುವ ಸ್ಪರ್ಧೆಗಳಲ್ಲಿ ಆ ದೂರದ ಬುಲ್‌ನ, ಅಂದರೆ ಗುರಿಯ ನಡುವಿನ ವೃತ್ತದ, ಅಗಲ ಎರಡೇ ಅಡಿ.

ಗಾಳಿ ಗುಂಡನ್ನು ಪಕ್ಕದಿಂದ ತಳ್ಳುತ್ತದೆ ಎಂಬುದು ಅರ್ಧ ಸತ್ಯ. ಹಾಗಿದ್ದರೆ ಒಂದೂವರೆ ಸೆಕೆಂಡಿನಲ್ಲಿ ಅದು ಆರು ಮೀಟರಿಗೂ ಮೀರಿ ಸರಿಯಬೇಕಿತ್ತು. ಗುಂಡು ಗಾಳಿಯ ಕಡೆಗೆ ತುಸು ಮೂತಿ ತಿರುಗಿಸುತ್ತದೆ. ವಾಯುವಿನ ತಡೆ ಅದನ್ನು ಆ ಓರೆಯಲ್ಲೇ ಹಿಂದಕ್ಕೆಳೆಯುತ್ತದೆ. ತಡೆಯೇ ಇಲ್ಲದಿದ್ದರೆ ಅದೇ ದೂರಕ್ಕೆ ಒಂದು ಸೆಕೆಂಡು ಸಾಕಿತ್ತು. ಹೆಚ್ಚಾದ ಅರ್ಧ ಸೆಕೆಂಡನ್ನು ಗಾಳಿಯ ವೇಗದಿಂದ ಗುಣಿಸಿದರೆ ಸರಿದ ದೂರ ಬರುತ್ತದೆ. ಕಣದಲ್ಲಿ ಜೋಳ ತೂರುವಾಗ ಕಾಳು ಬುಡಕ್ಕೇ ಬಿದ್ದು ಹೊಟ್ಟು ದೂರ ಹೋಗುವುದೂ ಇದೇ ನಿಯಮಕ್ಕೆ: ತಡೆಗೆ ಸೋಲುವುದು ಗಾಳಿಗೂ ಸೋಲುತ್ತದೆ. ಚೂಪು ಮೂತಿಯ, ಉದ್ದನೆಯ, ತೂಕದ ಗುಂಡಿಗೆ ಬೆಲೆ ಬಂದಿರುವುದು ಇದರಿಂದಲೇ.

ಗಾಳಿಯೊಡನೆ ಈ ಸೆಣಸಾಟ ದೂರದ ಗುಂಡಿನದು; ಗುರಿಕಾರರ ಕಥೆ ಮಾತ್ರ ರಾಯಚೂರಿನ ಮಟ್ಟಿಗೆ 1520ರಷ್ಟು ಹಳೆಯದು. ಕೃಷ್ಣದೇವರಾಯ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಕ್ರಿಸ್ಟೋವಾವ್ ದ ಫಿಗೇರೆದೊ ಎಂಬ ಪೋರ್ಚುಗೀಸನು ತನ್ನ ಕೋವಿಕಾರರೊಡನೆ ಗೋಡೆಯ ಮೇಲೆ ತಲೆಯೆತ್ತಿದವರನ್ನು ಒಬ್ಬೊಬ್ಬರಾಗಿ ಹೊಡೆದನೆಂದೂ, ಕಂಡಿಯಿಂದ ಹೊರಬಾಗಿ ನೋಡಿದ ಕೋಟೆಯ ಅಧಿಕಾರಿ ಹಣೆಗೆ ಗುಂಡು ಬಿದ್ದು ಸತ್ತನೆಂದೂ ಪೋರ್ಚುಗೀಸ್ ವೃತ್ತಾಂತಕಾರ ನೂನಿಜ್ ಬರೆದಿದ್ದಾನೆ. ಬತ್ತಿ ಹಚ್ಚಿ ಹಾರಿಸುವ ಆ ಕೋವಿಗಳ ಗುರಿ ಹತ್ತಿರದ್ದು. ಗಾಳಿಯ ಕಾಟ ಗುಂಡಿಗಿಂತ ಹೆಚ್ಚಾಗಿ ಕೋವಿಯ ಬಟ್ಟಲಲ್ಲಿಟ್ಟ ಮದ್ದಿನ ಪುಡಿಗೆ.

ಇಂದಿನ ದೂರದ ಗುರಿಗೆ ಯಾವ ಗಾಳಿಯನ್ನು ನೋಡಬೇಕು? ಗುರಿಕಾರರ ಜಗಳವೆಲ್ಲ ಇಲ್ಲಿದೆ. ಹೊಸಬರು ಗುರಿಯ ಬಳಿಯ ಬಾವುಟಕ್ಕೆ ಕಣ್ಣು ನೆಡುತ್ತಾರೆ. ಅದು ಎದ್ದು ಕಾಣುತ್ತದೆ, ಕೆಲಸಕ್ಕೆ ಬಾರದು. ನಳಿಗೆಯ ಹತ್ತಿರ ಗುಂಡು ಹಿಡಿದ ಓರೆ ಕೊನೆಯವರೆಗೂ ಬೆಳೆಯುತ್ತದೆ; ಕೊನೆಯ ನೂರು ಗಜದಲ್ಲಿ ಹಿಡಿದ ಓರೆಗೆ ಬೆಳೆಯಲು ಜಾಗವೇ ಇಲ್ಲ. ಆದ್ದರಿಂದ ಹತ್ತಿರದ ಗಾಳಿಗೇ ತೂಕ. ಇದಕ್ಕೆ ಎದುರುವಾದವೂ ಇದೆ, ಅದೂ ಪೊಳ್ಳಲ್ಲ: ನಡುದಾರಿಯಲ್ಲಿ ಗುಂಡು ಮೂರು-ನಾಲ್ಕು ಮೀಟರ್ ಮೇಲೇರಿರುತ್ತದೆ, ಅಲ್ಲಿ ಗಾಳಿ ನೆಲಮಟ್ಟಕ್ಕಿಂತ ಬಿರುಸು. ಹತ್ತಿರದ್ದನ್ನೂ ನಡುವಿನದ್ದನ್ನೂ ಕೂಡಿಸಿ ನೋಡುವುದೇ ಸರಿ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಹೊಗೆಯಂಥ ಗುರುತನ್ನು ನಂಬುವವರಿಗೆ ಮಾತ್ರ ಉತ್ತರವಿಲ್ಲ. ಅಷ್ಟೆತ್ತರಕ್ಕೆ ಯಾವ ಗುಂಡೂ ಹೋಗುವುದಿಲ್ಲ.

ಬಾವುಟಕ್ಕಿಂತ ನಂಬಿಕೆಯ ಸಾಕ್ಷಿ ಬಿಸಿಲುಗುದುರೆ. ದೇವದುರ್ಗದ ಕಡೆಯ ಎರೆಹೊಲದಂಥ ಬಯಲು ಇದಕ್ಕೆ ಹೇಳಿ ಮಾಡಿಸಿದ್ದು: ಕಪ್ಪು ಮಣ್ಣು ಬಿಸಿಲನ್ನು ಕುಡಿದು ಮೇಲಿನ ಗಾಳಿಯನ್ನು ಕಾಯಿಸುತ್ತದೆ, ದುರ್ಬೀನಿನಲ್ಲಿ ಆ ಕಾವು ಅಲೆಯಲೆಯಾಗಿ ಹರಿಯುವುದು ಕಾಣುತ್ತದೆ. ಅಲೆ ಹರಿಯುವ ದಿಕ್ಕೇ ಗಾಳಿಯ ದಿಕ್ಕು. ಅದರ ಓರೆಯೇ ವೇಗದ ಗುರುತು. ಅಲೆ ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಗಾಳಿ ನಿಂತಿದೆ, ಇಲ್ಲವೆ ಗುಂಡಿನ ದಾರಿಯುದ್ದಕ್ಕೇ ಬೀಸುತ್ತಿದೆ. ಆಗಲೇ ಕೋವಿಯ ಕುದುರೆ ಒತ್ತುವುದು ಅಪಾಯ: ಮರುಗಳಿಗೆ ಗಾಳಿ ಮಗ್ಗುಲು ಬದಲಿಸಬಹುದು. ಸುಗ್ಗಿಯ ದಿನಗಳ ಸಣ್ಣ ಮೂಡಗಾಳಿಯಲ್ಲಿ ಈ ಓದು ಸುಲಭ. ಆಷಾಢದ ಪಡುವಣ ಗಾಳಿಗೆ ಅಲೆಗಳು ಮಲಗಿಬಿಡುತ್ತವೆ, ಗಂಟೆಗೆ 20 ಕಿ.ಮೀ. ದಾಟಿದ ಮೇಲೆ ವೇಗ ತಿಳಿಯದು. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಭತ್ತದ ಗದ್ದೆಗಳ ಮೇಲೆ ಕಾವೇ ಏಳದು, ಓದಲು ಅಕ್ಷರವೇ ಇಲ್ಲ. ಇನ್ನು ದುರ್ಬೀನನ್ನು ಗುರಿಗೇ ಸ್ಪಷ್ಟಗೊಳಿಸುವವರಿದ್ದಾರೆ. ಅವರಿಗೆ ಗುರಿ ಚೆನ್ನಾಗಿ ಕಾಣುತ್ತದೆ, ಗಾಳಿ ಕಾಣುವುದಿಲ್ಲ. ಸ್ಪಷ್ಟತೆಯನ್ನು ಗುರಿಗಿಂತ ಸಾಕಷ್ಟು ಈಚೆಗೆ ತಿರುಗಿಸಿಡಬೇಕು.

ಕೈಯಲ್ಲಿ ಹಿಡಿಯುವ ಗಾಳಿಮಾಪಕ ಬಂದಮೇಲೆ ಈ ಓದು ಕೆಟ್ಟಿದೆ. ಯಂತ್ರ ಹೇಳುವುದು ಅದನ್ನು ಹಿಡಿದವರ ಮೂಗಿನ ಮುಂದಿನ ಗಾಳಿಯನ್ನು. ಆ ಅಂಕಿಯನ್ನು ಮೊಬೈಲಿಗೆ ತುಂಬಿ, ಬಂದ ಉತ್ತರವನ್ನು ದಶಮಾಂಶದವರೆಗೆ ನಂಬಿ, ಗುಂಡು ತಪ್ಪಿದಾಗ ಪಕ್ಕದವರಿಗೆ ಪಾಠ ಹೇಳುವುದು ಸಹಿಸಲಾಗದ ಚಟ. ಗಾಳಿ ಕೋನಕ್ಕೆ ತಕ್ಕಂತೆ ತೂಗುತ್ತದೆ: ಗುಂಡಿನ ದಾರಿಗೆ 30 ಡಿಗ್ರಿ ಓರೆಯಿಂದ ಬಂದರೆ ಅರ್ಧ, 45ಕ್ಕೆ ಮುಕ್ಕಾಲಿಗೆ ತುಸು ಕಡಿಮೆ. ಇಷ್ಟು ಬಾಯಿಲೆಕ್ಕ ಸಾಲದವರಿಗೆ ಯಂತ್ರವೂ ಸಾಲದು. ಎಲ್ಲಕ್ಕಿಂತ ಕೆಟ್ಟದ್ದು ಬೆನ್ನ ಹಿಂದಿನಿಂದ ಬಂದು ಎಡಬಲ ಓಲಾಡುವ ಗಾಳಿ. ಅದಕ್ಕೆ ತಿದ್ದುಪಡಿಯಿಲ್ಲ, ಕಾಯುವುದಷ್ಟೇ ಉಂಟು. ಬಿಸ್ಲಿಯಲ್ಲಿ ಅದಕ್ಕೂ ಮಿತಿಯಿದ್ದು, ಒಂದು ಗುಂಡಿಗೆ 45 ಸೆಕೆಂಡು.

ಕೊನೆಯದೊಂದು ಸೂಕ್ಷ್ಮ. ಬಲಸುತ್ತಿನ ನಳಿಗೆಯಲ್ಲಿ ಎಡದ ಗಾಳಿ ಗುಂಡನ್ನು ಬಲಕ್ಕೆ ಒಯ್ಯುವುದಲ್ಲದೆ ಚೂರು ಕೆಳಕ್ಕೂ ಇಳಿಸುತ್ತದೆ; ಬಲದ ಗಾಳಿ ಎಡಕ್ಕೊಯ್ದು ಚೂರು ಮೇಲೆತ್ತುತ್ತದೆ. ಇದನ್ನು ಗಮನಿಸದೆ ಎತ್ತರದ ತಿರುಪನ್ನು ತಿರುವುತ್ತಾ ಕೂರುವವರು ಕಡೆಗೆ ಮದ್ದನ್ನು ಬೈಯುತ್ತಾರೆ.