ಕಾರ್ಡ್ಸ್ ಬಾರದ ರಾಜ

1980ರ ದಶಕದ ಕೊನೆಯಲ್ಲಿ ಐರ್ಲೆಂಡಿನ ಯೂ2 ತಂಡ ತನ್ನದೊಂದು ಹಾಡಿಗೆ ಜೊತೆಯಾಗಲು ಬಿ.ಬಿ. ಕಿಂಗ್‌ನನ್ನು ಕರೆಯಿತು. ಅಭ್ಯಾಸದ ಹೊತ್ತಿನಲ್ಲಿ ಆತ ಹೇಳಿಬಿಟ್ಟ: ನನಗೆ ಕಾರ್ಡ್ಸ್ ನುಡಿಸಲು ಬರುವುದಿಲ್ಲ. 'ರ್‍ಯಾಟಲ್ ಅಂಡ್ ಹಮ್' ಚಿತ್ರದಲ್ಲಿ ಇದನ್ನು ಈಗಲೂ ನೋಡಬಹುದು. ನಾಲ್ಕಾರು ತಂತಿಗಳನ್ನು ಒತ್ತಿ ಹಿಡಿದು ಒಟ್ಟಿಗೆ ಮೀಟುವ ಆ ವಿದ್ಯೆ ಗಿಟಾರ್ ಕ್ಲಾಸಿನ ಮಕ್ಕಳಿಗೆ ಮೊದಲ ಪಾಠ. ಇದನ್ನು ಹೇಳುವಾಗ ಕಿಂಗ್‌ಗೆ ಅರವತ್ತು ದಾಟಿತ್ತು, ಜಗತ್ತು ಆತನನ್ನು ಬ್ಲೂಸ್ ಸಂಗೀತದ ರಾಜ ಎಂದು ಎಂದೋ ಒಪ್ಪಿಕೊಂಡಿತ್ತು. ಇನ್ನೊಂದೂ ಬರುತ್ತಿರಲಿಲ್ಲ: ಹಾಡುತ್ತ ನುಡಿಸುವುದು. ಬಾಯಿ ತೆರೆದರೆ ಕೈ ನಿಲ್ಲುತ್ತಿತ್ತು, ಕೈ ಆಡಿದರೆ ಬಾಯಿ ಮುಚ್ಚುತ್ತಿತ್ತು.

ಮೈಸೂರಿನ ನನ್ನ ಸೋದರತ್ತೆಗೆ ಇದು ತಮಾಷೆಯಾಗಿ ಕಂಡಿತ್ತು. ವೀಣೆಯ ಮುಂದೆ ಕೂತರೆ ಅವರು ಹಾಡಿಕೊಂಡೇ ನುಡಿಸುವವರು. ನಡುವೆ ಒಲೆಯ ಮೇಲಿನ ಹಾಲು ನೋಡು ಎಂದು ಕೂಗುವುದೂ ಅದೇ ತಾಳದಲ್ಲಿ. ನನ್ನ ಹಾಸ್ಟೆಲಿನ ದಿನಗಳಲ್ಲಿ, ಗೆಳೆಯನಿಂದ ತಂದ ಕ್ಯಾಸೆಟ್ಟೊಂದನ್ನು ಅವರ ಮನೆಯ ಟೇಪ್ ರೆಕಾರ್ಡರಿಗೆ ಹಾಕಿದ್ದೆ. ಹಾಡು 'ದಿ ಥ್ರಿಲ್ ಈಸ್ ಗಾನ್'. ಅತ್ತೆ ಅವರೆಕಾಯಿ ಬಿಡಿಸುತ್ತ ಕೇಳಿದರು. "ಇವನೇನೋ, ಒಂದು ಸಾಲು ಹಾಡಿ ಆಮೇಲೆ ನುಡಿಸ್ತಾನೆ. ಸೊಸೆ ಮಾತಾಡೋವರೆಗೂ ಕಾಯೋ ಅತ್ತೆ ಹಾಗೆ!" ಎಂದು ನಕ್ಕರು. ಸ್ವಲ್ಪ ಹೊತ್ತಿಗೆ ಕೈ ನಿಂತಿತು. "ಆದ್ರೆ ಆ ಸ್ವರ ಅಲ್ಲಾಡಿಸೋದು ನೋಡು. ಕಂಪಿತ ಕಣೋ ಅದು."

ಆ ಕಂಪಿತದ ಹಿಂದೆಯೂ ಒಂದು ಸೋಲಿದೆ. ಮೆಂಫಿಸ್‌ನಲ್ಲಿದ್ದ ಬಂಧು ಬುಕ್ಕಾ ವೈಟ್ ಬೆರಳಿಗೆ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದ. ಕಿಂಗ್‌ಗೆ ಅದು ಎಷ್ಟು ತಿಣುಕಿದರೂ ಕೈಗೆ ಹತ್ತಲಿಲ್ಲ. ಕೊನೆಗೆ ಬರಿಬೆರಳನ್ನೇ ತಂತಿಗೆ ಒತ್ತಿ ಮಣಿಕಟ್ಟನ್ನು ನಡುಗಿಸಿದ. ಹತ್ತಿರ ಹತ್ತಿರ ಅದೇ ದನಿ ಬಂತು. ಅದಕ್ಕಿಂತ ಮಿಗಿಲಾದದ್ದು ಬಂತು ಎನ್ನುವುದು ನನ್ನ ಪಕ್ಷಪಾತ. ವಿದ್ಯುತ್ ಗಿಟಾರೂ ನೆರವಾಯಿತು. ಬರಿಯ ಮರದ ಗಿಟಾರಿನಲ್ಲಿ ಮೀಟಿದ ಸ್ವರ ಬೇಗ ಆರಿಹೋಗುತ್ತದೆ. ಆಂಪ್ಲಿಫೈಯರ್ ಅದನ್ನು ಹಿಡಿದು ನಿಲ್ಲಿಸಿದಾಗ ಒಂದೇ ಸ್ವರವನ್ನು ಸಾವಧಾನವಾಗಿ ನಡುಗಿಸಲು ಪುರುಸೊತ್ತು ಸಿಗುತ್ತದೆ. ಒಂದು ಸ್ವರಕ್ಕೇ ಅಷ್ಟು ಹೇಳಲು ಬರುವಾಗ ಕಾರ್ಡ್ಸ್ ಯಾರಿಗೆ ಬೇಕು?

ಹುಟ್ಟಿದ್ದು 1925ರಲ್ಲಿ, ಮಿಸಿಸಿಪ್ಪಿಯ ಹತ್ತಿಹೊಲಗಳ ನಡುವೆ. ಹೆಸರು ರೈಲಿ. ತಾಯಿ ಬೇಗ ತೀರಿಕೊಂಡಳು. ಹತ್ತಿ ಬಿಡಿಸಿದ, ಟ್ರ್ಯಾಕ್ಟರ್ ಓಡಿಸಿದ. ಒಂದು ಸಂಜೆ ಆ ಟ್ರ್ಯಾಕ್ಟರ್ ಕೊಟ್ಟಿಗೆಗೆ ನುಗ್ಗಿ ಹೊಗೆಕೊಳವೆ ಮುರಿಯಿತು. ಧಣಿಗೆ ಹೆದರಿ ಗಿಟಾರ್ ಹೆಗಲಿಗೇರಿಸಿ ಮೆಂಫಿಸ್‌ಗೆ ಓಡಿಹೋದ. ಮುಂದೆ ಅಲ್ಲಿನ ಡಬ್ಲ್ಯುಡಿಐಎ ರೇಡಿಯೋದಲ್ಲಿ ಪೆಪ್ಟಿಕಾನ್ ಎಂಬ ಟಾನಿಕ್ಕಿನ ಜಾಹೀರಾತು ಹಾಡಿದ. ಬೀಲ್ ಸ್ಟ್ರೀಟಿನ ಬ್ಲೂಸ್ ಬಾಯ್ ಎಂದು ಅಲ್ಲಿ ಬಿದ್ದ ಅಡ್ಡಹೆಸರು ಸವೆದು ಬಿ.ಬಿ. ಆಯಿತು. 1952ರಲ್ಲಿ 'ತ್ರೀ ಓ ಕ್ಲಾಕ್ ಬ್ಲೂಸ್' ಕರಿಯರ ಸಂಗೀತದ ಪಟ್ಟಿಯಲ್ಲಿ ತುದಿಗೇರಿತು. ಆಮೇಲೆ ಬದುಕೆಲ್ಲ ಬಸ್ಸಿನಲ್ಲೇ: 1956 ಒಂದೇ ವರ್ಷ 342 ಕಛೇರಿ.

ಬಿಳಿಯರ ಮಕ್ಕಳಿಗೆ ಆತ ಗೊತ್ತಾದದ್ದು ತಡವಾಗಿ. ಅರವತ್ತರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ಸಭಾಂಗಣದ ಎದುರು ಉದ್ದಗೂದಲಿನ ಬಿಳಿ ಹುಡುಗರ ಸಾಲು ಕಂಡು, ಬಸ್ಸು ದಾರಿ ತಪ್ಪಿ ಬಂದಿದೆ ಎಂದುಕೊಂಡನಂತೆ. ಒಳಗೆ ಹೋದರೆ ಇಡೀ ಸಭೆ ಎದ್ದು ನಿಂತಿತು. ಆತ ಅತ್ತ. 'ದಿ ಥ್ರಿಲ್ ಈಸ್ ಗಾನ್' ಬಂದದ್ದು 1969ರಲ್ಲಿ. ಅದಕ್ಕೆ ಗ್ರ್ಯಾಮಿಯೂ ಬಂತು. ಆದರೆ ಪಿಟೀಲುಗಳ ಆ ಹಿಮ್ಮೇಳಕ್ಕಿಂತ, 1964ರಲ್ಲಿ ಷಿಕಾಗೋದ ರೀಗಲ್ ಥಿಯೇಟರಿನಲ್ಲಿ ಧ್ವನಿಮುದ್ರಿಸಿದ ಕಛೇರಿಯೇ ನನಗಿಷ್ಟ. ಅಲ್ಲಿ ಆತ ಒಂದು ಸ್ವರ ಮೀಟಿದರೆ ಹೆಂಗಸರು ಕಿರುಚಿ ಉತ್ತರ ಕೊಡುತ್ತಾರೆ.

ಇಷ್ಟೆಲ್ಲ ಹೇಳಿದಾಗಲೂ ಅತ್ತೆಯ ಕಿವಿ ನೆಟ್ಟಗಾದದ್ದು ಲೂಸಿಲ್‌ಳ ಕತೆಗೆ. 1949ರ ಚಳಿಗಾಲ, ಅರ್ಕಾನ್ಸಾದ ಟ್ವಿಸ್ಟ್ ಎಂಬ ಊರು. ಕುಣಿತದ ಮನೆಯಲ್ಲಿ ಚಳಿ ಕಾಯಲು ನಡುವೆ ಸೀಮೆಎಣ್ಣೆ ಉರಿಯುವ ಪೀಪಾಯಿ. ಇಬ್ಬರು ಹೊಡೆದಾಡಿ ಅದನ್ನು ಉರುಳಿಸಿದರು, ಮನೆಗೆ ಬೆಂಕಿ ಬಿತ್ತು. ಹೊರಗೆ ಓಡಿಬಂದ ಕಿಂಗ್, ಮರೆತ ಗಿಟಾರಿಗಾಗಿ ಉರಿಯೊಳಗೆ ಮತ್ತೆ ನುಗ್ಗಿ ಹೇಗೋ ಬದುಕಿ ಬಂದ. ಜಗಳ ಅಲ್ಲೇ ಕೆಲಸಕ್ಕಿದ್ದ ಲೂಸಿಲ್ ಎಂಬವಳಿಗಾಗಿ ಎಂದು ಮಾರನೆಯ ದಿನ ತಿಳಿಯಿತು. ಅಂಥ ಹುಚ್ಚುತನ ಇನ್ನೆಂದೂ ಮಾಡಬಾರದೆಂದು ಗಿಟಾರಿಗೆ ಅವಳ ಹೆಸರನ್ನೇ ಇಟ್ಟ. ಮುಂದೆ 2015ರಲ್ಲಿ ತೀರಿಕೊಳ್ಳುವವರೆಗೆ ಕೈಗೆ ಬಂದ ಗಿಟಾರೆಲ್ಲ ಲೂಸಿಲ್‌ಗಳೇ.

"ಹೊಡೆದಾಡಿದವರು ಅವರಿಬ್ಬರು, ಬೆಂಕಿಗೆ ಹಾರಿದವನು ಇವನು. ಬುದ್ಧಿ ಕಲಿಸೋಕೆ ಹೆಸರು ಮಾತ್ರ ಅವಳದ್ದು!" ಎಂದರು ಅತ್ತೆ. "ಆ ಹುಡುಗಿ ಕೆಲಸ ಮಾಡ್ತಿದ್ದ ಜಾಗ ಸುಟ್ಟುಹೋಯ್ತಲ್ಲ, ಅವಳಿಗೆ ಆ ತಿಂಗಳ ಸಂಬಳ ಯಾರು ಕೊಟ್ಟರಂತೆ?"